ಆಕೋಸ್ ಜಿಪಿ67 ಕಾರ್ಟ್ರಿಜ್‌ಗೆ ಮತ್ತೆ ಜೀವ ಬರುತ್ತದಾ?

ಬಿದನೂರು ಸೀಮೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರ ತಾಲ್ಲೂಕು, ಹುಲಿಕಲ್ ಘಾಟಿಯ ಹತ್ತಿರದ ಊರು. ಮನೆಯಲ್ಲಿ ಒಂದು ಹಳೇ ರೆಕಾರ್ಡ್ ಪ್ಲೇಯರ್ ಇದೆ. ಮರದ ಪೆಟ್ಟಿಗೆ, ಒಳಗೆ ಪ್ಲೇಟು ತಿರುಗಿಸುವ ಗ್ಯಾರಾರ್ಡ್ ಡೆಕ್, ಅದರ ಕೆಳಗೆ ವಾಲ್ವ್ ಆಂಪ್ಲಿಫೈಯರ್. 1971ರಲ್ಲಿ ಶಿವಮೊಗ್ಗದಲ್ಲಿ ಒಬ್ಬ ಮೇಷ್ಟ್ರಿಗೆ ವರ್ಗ ಆಯಿತಂತೆ. ಅವರು ಸಾಮಾನು ಮಾರುವಾಗ ನಮ್ಮ ಅಜ್ಜ ಅಡಿಕೆ ದುಡ್ಡಲ್ಲಿ ಕೊಂಡರು. ಆಗ ನಮ್ಮ ಮನೆಗೆ ಕರೆಂಟೇ ಬಂದಿರಲಿಲ್ಲ. ಕರೆಂಟ್ ಬರುವವರೆಗೂ ಅದು ಪೇಟೆಯಲ್ಲಿ ದೊಡ್ಡಪ್ಪನ ಮನೆಯಲ್ಲಿತ್ತು.

ಅಪ್ಪಯ್ಯನಿಗೆ ಈಗ 79. ಹೋದ ತಿಂಗಳು ಅಟ್ಟ ಗುಡಿಸುವಾಗ ಪೆಟ್ಟಿಗೆ ಕೆಳಗಿಳಿಸಿದೆವು. ಜೊತೆಗೆ ಟ್ರಂಕಿನಲ್ಲಿ ಇಪ್ಪತ್ತಮೂರು ಪ್ಲೇಟು ಸಿಕ್ಕವು. ಹೆಚ್ಚಿನವು 78ರ ವೇಗದವು. ಕಾಳಿಂಗರಾಯರ ಭಾವಗೀತೆಯ ಪ್ಲೇಟು ನೋಡಿ ಅಪ್ಪಯ್ಯ ಸುಮಾರು ಹೊತ್ತು ಕೈಯಲ್ಲೇ ಹಿಡಿದುಕೊಂಡು ಕೂತರು. ಅದನ್ನೊಂದು ಸಲ ಕೇಳಿಸಬೇಕು ಅಂತ ನನ್ನ ಆಸೆ. ಮೊಬೈಲಿನಲ್ಲಿ ಹಾಕಿಕೊಟ್ಟೆ. "ಇದಲ್ಲ, ಪ್ಲೇಟಿಂದು ಬೇರೆ" ಅಂದರು.

ಡೆಕ್ ತಿರುಗುತ್ತದೆ. ವಾಲ್ವ್ ಉರಿಯುತ್ತದೆ. ಮುಳ್ಳು ಹೊಸದು ತರಿಸಿ ಹಾಕಿದೆ. ಆದರೆ ಸದ್ದು ಹಳ್ಳದ ಆಚೆ ದಡದಿಂದ ಯಾರೋ ಹಾಡಿದ ಹಾಗೆ, ಕಿವಿ ಹತ್ತಿರ ಇಟ್ಟರೆ ಮಾತ್ರ ಕೇಳುತ್ತದೆ. ಅದೂ ತೆಳ್ಳಗೆ, ಬರೀ ಚಿರ್ ಚಿರ್. ತಬಲಾ ಇದೆ ಅಂತಲೇ ಗೊತ್ತಾಗುವುದಿಲ್ಲ. ಮುಳ್ಳು ಕೂರುವ, ಅದರ ಅಲುಗಾಟವನ್ನು ಕರೆಂಟ್ ಮಾಡುವ ಕಾರ್ಟ್ರಿಜ್ ಮೇಲೆ ಆಕೋಸ್ ಅಂತ ಇದೆ, ಜಿಪಿ67. ಮೇಲೆ ಕೆಳಗೆ ತಿರುಗಿಸುವ ಸಣ್ಣ ಕಿವಿ ಇದೆ, ಒಂದು ಕಡೆ 78ಕ್ಕೆ, ಇನ್ನೊಂದು ಕಡೆ ಎಲ್‌ಪಿಗೆ.

ಕಾರ್ಟ್ರಿಜ್‌ಗೆ ಹೋಗುವ ತಂತಿಯನ್ನು ಬೆರಳಲ್ಲಿ ಮುಟ್ಟಿ ನೋಡಿದೆ. ಸ್ಪೀಕರ್ ಗುಂಯ್ ಅಂತು. ಬೆರಳೂ ಜುಮ್ ಅಂತು. ಅಂದರೆ ಆಂಪ್ಲಿಫೈಯರ್ ಸರಿ ಇದೆ ಅಲ್ವಾ? ವಾಲ್ವಿನ ಮೇಲೆ ಯುಸಿಎಲ್82 ಅಂತ ಬರೆದಿದೆ.

ಪಕ್ಕದ ಮನೆಯವರು "ತೇವ ಕುಡಿದಿರುತ್ತೆ, ಹೊಡಸಲ ಬೆಂಕಿಯ ಕಾವಿನ ಮೇಲೆ ನಾಲ್ಕು ದಿನ ಇಡು" ಅಂದರು. ತಮ್ಮ ಅಕ್ಕಿ ಡಬ್ಬಿಯಲ್ಲಿ ಹೂತಿಡು ಅನ್ನುತ್ತಾನೆ. ಇನ್ನೂ ಎರಡೂ ಮಾಡಿಲ್ಲ. ಮಾಡಬಹುದಾ? ಬಿಚ್ಚಿ ಸರಿ ಮಾಡುವ ದಾರಿ ಇದೆಯಾ? ನಾನು ಹಸೆ ಚಿತ್ತಾರ ಬರೆಯುತ್ತೇನೆ, ಸಣ್ಣ ಕೆಲಸಕ್ಕೆ ಕೈ ನಡುಗುವುದಿಲ್ಲ. ಸೋಲ್ಡರಿಂಗ್ ಕೂಡ ಸ್ವಲ್ಪ ಬರುತ್ತದೆ.

ತೀರ್ಥಹಳ್ಳಿಯವ, ಈಗ ಬೆಂಗಳೂರು:

ಅಕ್ಕ, ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆ ಕಾರ್ಟ್ರಿಜ್ ಬಿಟ್ಟುಬಿಡಿ. ಅವು ಹತ್ತು ಗ್ರಾಂ ಭಾರ ಹಾಕಿ ಪ್ಲೇಟನ್ನು ಉಳುತ್ತವೆ. ಈಗಿನ ಮ್ಯಾಗ್ನೆಟಿಕ್ ಕಾರ್ಟ್ರಿಜ್‌ಗೆ ಎರಡು ಗ್ರಾಂ ಸಾಕು. ನಾನು ಆಡಿಯೋ ಟೆಕ್ನಿಕಾದ ವಿಎಂ95 ಬಳಸುತ್ತೇನೆ. ಅದೇ ಸಾಲಿನಲ್ಲಿ 78ಕ್ಕೆ ಅಂತಲೇ ದಪ್ಪ ಮುಳ್ಳಿನದು ಇದೆ, ವಿಎಂ95ಎಸ್‌ಪಿ. ಸದ್ದು ತುಂಬ ಶುದ್ಧ. ಜೊತೆಗೆ ಅದರ ಸಣ್ಣ ಸದ್ದನ್ನು ಎತ್ತಿಕೊಡುವ ಒಂದು ಫೋನೋ ಪ್ರಿಆಂಪ್ ಬೇಕು. ಒಂದು ಸಲ ಖರ್ಚು, ಆಮೇಲೆ ನೆಮ್ಮದಿ.

ಅದು ಬೇಡ ಅಂದರೆ ಹೊರದೇಶದ ಅಂಗಡಿಗಳಲ್ಲಿ ಡಬ್ಬಿ ಒಡೆಯದ ಹಳೇ ಆಕೋಸ್ ಆಗಾಗ ಮಾರಾಟಕ್ಕೆ ಬರುತ್ತವೆ. ಅದನ್ನು ತರಿಸಿ. ಬಿಚ್ಚುವ ಕೆಲಸಕ್ಕೆ ಹೋಗಬೇಡಿ. ಒಳಗಿರುವುದು ಬೆಂಕಿಕಡ್ಡಿಗಿಂತ ಸಣ್ಣದು.

ಹೊಳೆದಂಡೆ ರೇಡಿಯೋ, ಶಿವಮೊಗ್ಗ:

ತಂಗಿ, ಮೊದಲು ಕರೆಂಟಿನ ಮಾತು. ಕಾರ್ಟ್ರಿಜ್ ಆಮೇಲೆ.

ಬೆರಳು ಜುಮ್ ಅಂತು ಅಂದಿರಲ್ಲ, ಅದನ್ನು ಓದಿ ನನಗೆ ಗಾಬರಿ ಆಯಿತು. ಯುಸಿಎಲ್82 ಅಂದ ಕೂಡಲೇ ಅರ್ಥ ಆಯಿತು. ಯು ಅಕ್ಷರದ ವಾಲ್ವುಗಳು 100 ಮಿಲಿಆಂಪ್ ಹೀಟರಿನವು. ಟ್ರಾನ್ಸ್‌ಫಾರ್ಮರ್ ಇಲ್ಲದೆ ನೇರ ಮೇನ್ಸಿಗೆ ಸಾಲಾಗಿ ಜೋಡಿಸುವುದಕ್ಕೆ ಅಂತಲೇ ಮಾಡಿದ್ದು. ಅಂಥ ಸೆಟ್ಟಿನಲ್ಲಿ ಚಾಸಿಸ್ಸೇ, ಅಂದರೆ ಒಳಗಿನ ಲೋಹದ ಚೌಕಟ್ಟೇ, ಮೇನ್ಸಿನ ಒಂದು ತಂತಿ. ಪ್ಲಗ್ ಒಂದು ಕಡೆ ಹಾಕಿದರೆ ಚಾಸಿಸ್ ನ್ಯೂಟ್ರಲ್, ತಿರುಗಿಸಿ ಹಾಕಿದರೆ ಪೂರ್ತಿ 230 ವೋಲ್ಟ್. ಕಾರ್ಟ್ರಿಜ್‌ನ ಒಂದು ತಂತಿ ಬಹಳಷ್ಟು ಸಲ ಅದೇ ಚಾಸಿಸ್ಸಿಗೆ ಹೋಗಿರುತ್ತದೆ. ನಿಮ್ಮ ಮನೆಯ ನೆಲ ಮಳೆಗಾಲದಲ್ಲಿ ಬೆವರುತ್ತದೆ. ಬರಿಗಾಲಲ್ಲಿ ನಿಂತು ಅದನ್ನು ಮುಟ್ಟಬೇಡಿ. ಅಪ್ಪಯ್ಯನಿಗೂ ಮುಟ್ಟಲು ಕೊಡಬೇಡಿ. ಸೆಟ್ಟನ್ನು ಮೇನ್ಸಿನಿಂದ ಬೇರೆ ಮಾಡಿ 230ರಿಂದ 230ಕ್ಕೇ ಕೊಡುವ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಬರುತ್ತದೆ. ಈ ಪ್ಲೇಯರಿಗೆ 100 ವಿಎ ಇದ್ದರೆ ಧಾರಾಳ. ಅದನ್ನು ಹಾಕುವವರೆಗೆ ಪ್ಲಗ್ ಕಿತ್ತಿಡಿ. ಇದೊಂದು ಮಾತು ನಡೆಸಿಕೊಡಿ.

ಈಗ ಕಾರ್ಟ್ರಿಜ್. ನಾನು 1976ರಿಂದ ಶಿವಮೊಗ್ಗದಲ್ಲಿ ರೇಡಿಯೋ ಕೆಲಸ ಮಾಡಿದವನು. ಅಂಗಡಿ ಈಗ ಇಲ್ಲ, ಟೇಬಲ್ ಮನೆಯಲ್ಲಿದೆ. ಆಕೋಸ್ ಅನ್ನುವುದು ಇಂಗ್ಲೆಂಡಿನ ಕಾಸ್ಮೊಕಾರ್ಡ್ ಕಂಪನಿಯ ಮಾಲು. ಅವರ ಜಿಪಿ ಸಾಲಿನ ಕಾರ್ಟ್ರಿಜ್‌ಗಳು ಒಂದು ಕಾಲಕ್ಕೆ ನನ್ನ ಟೇಬಲ್ ಮೇಲೆ ತುಂಬ ಬರುತ್ತಿದ್ದವು. ಮಳೆ ನಿಂತ ಮೇಲೆ, ನವರಾತ್ರಿ ಹೊತ್ತಿಗೆ, ತೀರ್ಥಹಳ್ಳಿ, ಕೊಪ್ಪ, ಆಗುಂಬೆ ಕಡೆಯವರು ಪೆಟ್ಟಿಗೆ ಹೊತ್ತು ಬರುತ್ತಿದ್ದರು. ಎಲ್ಲರದ್ದೂ ಒಂದೇ ದೂರು, "ಹೋದ ವರ್ಷ ಚೆನ್ನಾಗಿತ್ತು." ಬಯಲುಸೀಮೆಯಿಂದ ಬಂದ ಸೆಟ್ಟುಗಳಲ್ಲಿ ಈ ಕಾಯಿಲೆ ಕಡಿಮೆ. ಚನ್ನಗಿರಿ ಕಡೆಯವರ ಕಾರ್ಟ್ರಿಜ್ ಹತ್ತು ವರ್ಷ ಬಂದರೆ ಆಗುಂಬೆಯವರದು ಮೂರು ಮಳೆಗಾಲಕ್ಕೆ ಸುಸ್ತು.

ಕಾರಣ ಒಳಗಿರುವ ಹರಳು. ಅದು ರೋಶೆಲ್ ಸಾಲ್ಟ್ ಅನ್ನುವ ಉಪ್ಪಿನ ಹರಳು. ಹೆಸರಿಗಷ್ಟೇ ಅಲ್ಲ, ನಿಜವಾಗಿ ಉಪ್ಪಿನ ಜಾತಿ. ಮುಳ್ಳು ಅಲುಗಾಡಿದಾಗ ಆ ಹರಳು ತಿರುಚಿಕೊಳ್ಳುತ್ತದೆ. ತಿರುಚಿದಾಗ ಅದರ ಎರಡು ಮೈಗಳ ನಡುವೆ ವೋಲ್ಟೇಜ್ ಹುಟ್ಟುತ್ತದೆ. ಅಡುಗೆಮನೆಯಲ್ಲಿ ಉಪ್ಪಿನ ಮರಿಗೆ ಇದೆಯಲ್ಲ, ಆರಿದ್ರಾ ಮಳೆ ಹಿಡಿದರೆ ಅದರ ಉಪ್ಪು ನೀರೊಡೆಯುತ್ತದೆ. ಈ ಹರಳೂ ಹಾಗೇ. ಗಾಳಿಯ ತೇವ ಶೇಕಡ 85ರ ಹತ್ತಿರ ಹೋದರೆ ಕರಗಲು ಶುರು. ವರ್ಷಕ್ಕೆ 7,000 ಮಿಲಿಮೀಟರ್ ಮೇಲೆ ಮಳೆ ಬೀಳುವ ಆಗುಂಬೆಯಂಥ ಕಡೆ ತಿಂಗಳುಗಟ್ಟಲೆ ತೇವ ಅದಕ್ಕಿಂತ ಕೆಳಗೇ ಇಳಿಯುವುದಿಲ್ಲ. ಕಾರ್ಖಾನೆಯಲ್ಲಿ ಹರಳಿಗೆ ಮೇಣವೋ ವಾರ್ನಿಷೋ ಬಳಿಯುತ್ತಿದ್ದರು. ಆದರೂ ತೇವ ಹೇಗೋ ನುಸುಳುತ್ತದೆ.

ಹಾಗಂತ ಹೊಡಸಲ ಮೇಲೆ ಖಂಡಿತ ಇಡಬೇಡಿ. 55 ಡಿಗ್ರಿ ದಾಟಿದರೆ ಹರಳು ತನ್ನೊಳಗಿನ ನೀರಿನಲ್ಲೇ ಕರಗಿ ಹೋಗುತ್ತದೆ. ಆಮೇಲೆ ಅದನ್ನು ಯಾರೂ ತಿರುಗಿ ತರಲಾರರು. ಅಕ್ಕಿ ಡಬ್ಬಿ, ಸಿಲಿಕಾ ಜೆಲ್ ಪೊಟ್ಟಣ ಕೂಡ ಬೇಡ. ಹರಳಿನೊಳಗೆ ನೀರು ಕಟ್ಟಡದ ಭಾಗವಾಗಿಯೇ ಇದೆ. ತೀರಾ ಒಣಗಿಸಿದರೆ ಆ ನೀರೂ ಹೋಗಿ ಬಿಳಿ ಪುಡಿಯಾಗುತ್ತದೆ. ಒದ್ದೆಯೂ ಆಗಬಾರದು, ಒಣವೂ ಆಗಬಾರದು. ಮಲೆನಾಡಿನ ಗಾಳಿಗೆ ಇಂಥ ವಸ್ತು ಬಂದಿದ್ದೇ ತಪ್ಪು.

ನಿಮ್ಮ ಕಾರ್ಟ್ರಿಜ್‌ನಲ್ಲಿ ಹೋಗಿರುವುದು ಹರಳೇ. ಹೇಗೆ ಹೇಳುತ್ತೇನೆ ಅಂದರೆ, ತಬಲಾ ಕೇಳುವುದಿಲ್ಲ ಅಂದಿರಿ. ಹರಳು ತೇವ ಕುಡಿದಾಗ ಅದರೊಳಗೇ ಕರೆಂಟ್ ಸೋರುತ್ತದೆ. ಸೋರಿಕೆಯಲ್ಲಿ ಮೊದಲು ಹೋಗುವುದು ಮಂದ್ರದ ಸ್ವರ. ಮುಳ್ಳಿಗೂ ಹರಳಿಗೂ ನಡುವಿನ ರಬ್ಬರ್ ಹಾಳಾಗಿದ್ದರೆ ಲಕ್ಷಣ ಬೇರೆ. ಸದ್ದು ಇರುತ್ತದೆ, ಆದರೆ ಒಡಕು, ಜೀರುಂಡೆ ಸೇರಿಕೊಂಡ ಹಾಗೆ. ಖಚಿತ ಮಾಡಿಕೊಳ್ಳಬೇಕು ಅಂದರೆ ಕಾರ್ಟ್ರಿಜ್ ತಂತಿ ಕಳಚಿ, ಪ್ಲೇಟು ತಿರುಗುವಾಗ ಅದರ ಪಿನ್ನುಗಳಿಗೆ ಎಸಿ ಮಿಲಿವೋಲ್ಟ್ ಅಳೆಯುವ ಮೀಟರ್ ಹಿಡಿಯಿರಿ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಹಳದಿ ಮೀಟರ್ ಆಗುವುದಿಲ್ಲ, ಅದರಲ್ಲಿ ಎಸಿ ಅಳತೆ ಶುರುವಾಗುವುದೇ 200 ವೋಲ್ಟಿನ ರೇಂಜಿನಿಂದ. ಒಳ್ಳೇ ಹರಳು ಅರ್ಧ ವೋಲ್ಟಿನ ಆಸುಪಾಸು ಕೊಡುತ್ತದೆ. ಐದು ಹತ್ತು ಮಿಲಿವೋಲ್ಟ್ ಬಂದರೆ ಮುಗಿಯಿತು.

ಬೆಂಗಳೂರಿನ ತಮ್ಮ ಹೇಳಿದ್ದು ಹೊಸ ಪ್ಲೇಯರಿಗೆ ಸರಿ. ಈ ಪೆಟ್ಟಿಗೆಗೆ ಸರಿಹೋಗುವುದಿಲ್ಲ. ಈ ಡೆಕ್ಕಿನ ಕೈ (ಆರ್ಮ್) ಎಂಟು ಹತ್ತು ಗ್ರಾಂ ಭಾರಕ್ಕೆ ಮಾಡಿದ್ದು. ಎರಡು ಗ್ರಾಂಗೆ ಇಳಿಸಿದರೆ ಬೇರಿಂಗಿನ ತಿಕ್ಕಾಟಕ್ಕೇ ಮುಳ್ಳು ಜಾರುತ್ತದೆ. ಆರ್ಮಿನ ಪಕ್ಕದಲ್ಲೇ ಮೋಟಾರ್ ಇದೆ. ಮ್ಯಾಗ್ನೆಟಿಕ್ ಕಾರ್ಟ್ರಿಜ್ ಅದರ ಗುಂಯ್ ಅನ್ನು ಎಳೆದುಕೊಳ್ಳುತ್ತದೆ. ಇನ್ನೊಂದು ದೊಡ್ಡ ವ್ಯತ್ಯಾಸ ಇದೆ. ಜೋಕಾಲಿ ಎಷ್ಟು ದೂರ ಹೋಯಿತು ಅಂತ ನೋಡುವುದು ಒಂದು, ಎಷ್ಟು ಜೋರಾಗಿ ಹೋಯಿತು ಅಂತ ನೋಡುವುದು ಇನ್ನೊಂದು. ಹರಳು ದೂರ ನೋಡುತ್ತದೆ, ಮ್ಯಾಗ್ನೆಟ್ಟು ವೇಗ ನೋಡುತ್ತದೆ. ಹಾಗಾಗಿ ಮ್ಯಾಗ್ನೆಟ್ಟಿಗೆ ಮಂದ್ರ ಎತ್ತಿ ತಾರ ಇಳಿಸುವ ಬೇರೆ ಸರ್ಕಿಟ್ ಬೇಕೇ ಬೇಕು. ಹರಳನ್ನು ನೇರ ವಾಲ್ವಿಗೆ ಕೊಟ್ಟರೆ ಹೆಚ್ಚುಕಮ್ಮಿ ಸರಿಯಾಗಿ ಕೇಳುತ್ತದೆ. ನಿಮ್ಮ ಆಂಪ್ಲಿಫೈಯರ್ ಅದನ್ನೇ ನಂಬಿಕೊಂಡು ಮಾಡಿದ್ದು.

ಡಬ್ಬಿ ಒಡೆಯದ ಹಳೇ ಸ್ಟಾಕಿಗೂ ದುಡ್ಡು ಹಾಕಬೇಡಿ. ಹಾಡದೆ ಇಟ್ಟರೂ ಉಪ್ಪು ಉಪ್ಪೇ. ಅರವತ್ತು ವರ್ಷ ಡಬ್ಬಿಯಲ್ಲಿ ಕೂತ ಹರಳೂ ಅಷ್ಟೇ ಸತ್ತಿರುತ್ತದೆ. ನಾನೇ ಅಂಥ ನಾಲ್ಕು ತರಿಸಿ ನೋಡಿದ್ದೇನೆ. ಮೂರು ಮೂಕ, ಒಂದು ಅರೆಜೀವ.

ದಾರಿ ಇರುವುದು ಇದು. ಆಕೋಸ್ ಮೈ ಉಳಿಸಿ, ಒಳಗಿನ ಉಪ್ಪು ತೆಗೆದು, ಸೆರಾಮಿಕ್ ಪಟ್ಟಿ ಕೂರಿಸುವುದು. ಸೆರಾಮಿಕ್ ಸುಟ್ಟ ಮಣ್ಣಿನ ಜಾತಿ. ಮಳೆಗೆ ಜಗ್ಗುವುದಿಲ್ಲ. ಆಕೋಸ್‌ನವರೇ ಆಮೇಲೆ ಸೆರಾಮಿಕ್ ಮಾಡಿದರು, ಜಿಪಿ94 ಅಂತ, ಸ್ಟೀರಿಯೋ. ನನ್ನ ಹತ್ತಿರ ಮುಳ್ಳಿನ ಕಡೆ ಮುರಿದ ಒಂದು ಇದೆ. ಅದರೊಳಗೆ ಎರಡು ಪಟ್ಟಿ ಇರುತ್ತವೆ. ಒಂದು ನಿಮಗೆ ಸಾಕು. ನಿಮ್ಮ ಕೈ ನಡುಗುವುದಿಲ್ಲ ಅಂದಿರಿ, ಹಾಗಾದರೆ ಹೊಸನಗರದ ಬಸ್ಸಿಗೆ ಕೊಟ್ಟು ಕಳಿಸುತ್ತೇನೆ.

ಬಿದನೂರು ಸೀಮೆ:

ಅಣ್ಣ, ಓದಿ ಎದೆ ಧಸಕ್ ಅಂತು. ಆ ಪೆಟ್ಟಿಗೆಯನ್ನು ಅಪ್ಪಯ್ಯ ದಿನಾ ಒರೆಸುತ್ತಿದ್ದರು. ಈಗ ಪ್ಲಗ್ ಕಿತ್ತು ಟ್ರಂಕಿನಲ್ಲಿ ಹಾಕಿ ಬೀಗ ಹಾಕಿದ್ದೇನೆ. ಟ್ರಾನ್ಸ್‌ಫಾರ್ಮರ್‌ಗೆ ಹೇಳಿದ್ದೇನೆ, ಸೋಮವಾರ ಬರುತ್ತದೆ.

ಪಟ್ಟಿ ದಯವಿಟ್ಟು ಕಳಿಸಿ. ಒಂದೇ ಒಂದು ಅನುಮಾನ. ಹಳೇ ಹರಳಿನಂಥದ್ದನ್ನೇ ಹೊಸದಾಗಿ ಮಾಡಲು ಆಗುವುದಿಲ್ಲವಾ? ಅಪ್ಪಯ್ಯ ಕೇಳಿದ ಸದ್ದು ಆ ಹರಳಿನದಲ್ಲವಾ, ಅದಕ್ಕೆ ಕೇಳಿದೆ.

ಸಾಗರದ ಕೆಮಿಸ್ಟ್ರಿ ಮೇಷ್ಟ್ರು:

ಈ ಪ್ರಶ್ನೆಗೆ ನಾನು ಬಾಯಿ ಹಾಕುತ್ತೇನಮ್ಮ. ಹರಳು ಬೆಳೆಸುವುದು ಕಷ್ಟವಲ್ಲ. ಕಾಲೇಜಿನಲ್ಲಿ ಹುಡುಗರಿಂದ ಎಷ್ಟೋ ಸಲ ಮಾಡಿಸಿದ್ದೇನೆ. ಬೇಕರಿಯವರು ಬಳಸುವ ಕ್ರೀಮ್ ಆಫ್ ಟಾರ್ಟರ್ ಮತ್ತು ವಾಷಿಂಗ್ ಸೋಡಾ, ಎರಡೇ ಸಾಮಾನು. ಬಿಸಿನೀರಿನಲ್ಲಿ ಟಾರ್ಟರ್ ಹಾಕಿ, ಸೋಡಾ ಸ್ವಲ್ಪ ಸ್ವಲ್ಪವೇ ಬೆರೆಸಿದರೆ ನೊರೆ ಉಕ್ಕುತ್ತದೆ. ನೊರೆ ನಿಂತ ಮೇಲೆ ಸೋಸಿ, ಅಲುಗಾಡದ ಕಡೆ ಇಟ್ಟರೆ ಹರಳು ಕಟ್ಟುತ್ತದೆ. ಒಂದು ಸಣ್ಣ ಹರಳನ್ನು ದಾರಕ್ಕೆ ಕಟ್ಟಿ ಅದೇ ನೀರಿನಲ್ಲಿ ಇಳಿಬಿಟ್ಟರೆ ಮೂರು ವಾರದಲ್ಲಿ ಹೆಬ್ಬೆರಳಿನಷ್ಟು ಆಗುತ್ತದೆ. ಗಾಜಿನ ಹಾಗೆ ಸ್ವಚ್ಛ. ಎರಡು ಮೈಗೆ ಬೆಳ್ಳಿ ಕಾಗದ ಒತ್ತಿ, ಸಣ್ಣ ನಿಯಾನ್ ದೀಪಕ್ಕೆ ತಂತಿ ಕೊಟ್ಟು, ಮೆತ್ತಗೆ ತಟ್ಟಿದರೆ ದೀಪ ಫಳಕ್ ಅನ್ನುತ್ತದೆ. ಹುಡುಗರ ಮುಖ ನೋಡಬೇಕು ಆಗ.

ಇದರ ಬೇರು ಹುಳಿಯಲ್ಲಿದೆ. ನಮ್ಮ ಹುಣಸೆಹಣ್ಣಿನ ಹುಳಿ ಟಾರ್ಟಾರಿಕ್ ಆಮ್ಲದ್ದು. ದ್ರಾಕ್ಷಿಯದ್ದೂ ಅದೇ. ಫ್ರಾನ್ಸಿನ ಲಾ ರೋಶೆಲ್ ಊರಿನಲ್ಲಿ ಔಷಧಿ ಮಾಡುವವರೊಬ್ಬರು 17ನೇ ಶತಮಾನದಲ್ಲಿ ಈ ಉಪ್ಪನ್ನು ಮಾಡಿದರು. ಹೊಟ್ಟೆ ಇಳಿಸುವ ಮದ್ದು ಅಂತ ಮಾರುತ್ತಿದ್ದರು. 1880ರಲ್ಲಿ ಪಿಯರ್ ಕ್ಯೂರಿ ಮತ್ತು ಅವರ ಅಣ್ಣ ಜಾಕ್ ಹರಳು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಅಂತ ತೋರಿಸಿದಾಗ ಅವರ ಮೇಜಿನ ಮೇಲೆ ಈ ಉಪ್ಪೂ ಇತ್ತು. ಒತ್ತಿದಾಗ ಇದು ಕೊಡುವಷ್ಟು ವೋಲ್ಟೇಜು ಕ್ವಾರ್ಟ್ಜ್ ಕೊಡುವುದಿಲ್ಲ. ಅದಕ್ಕೇ ಇಷ್ಟು ಕಷ್ಟ ಕೊಟ್ಟರೂ ಇದನ್ನು ಬಳಸಿದರು.

ಆದರೆ ಕಾರ್ಟ್ರಿಜ್‌ಗೆ ಬೇಕಾದದ್ದು ಇಡೀ ಹರಳಲ್ಲ. ಹರಳನ್ನು ಗೊತ್ತಾದ ಕೋನದಲ್ಲಿ ತೆಳುವಾಗಿ ಸೀಳಬೇಕು. ಅಂಥ ಎರಡು ಹಾಳೆಗಳನ್ನು ನಡುವೆ ಬೆಳ್ಳಿ ಕಾಗದ ಇಟ್ಟು ಬೆನ್ನಿಗೆ ಬೆನ್ನು ಅಂಟಿಸಬೇಕು. ನಾನು ಎರಡು ವರ್ಷ ಪ್ರಯತ್ನಪಟ್ಟೆ. ಒದ್ದೆ ದಾರದಲ್ಲಿ ಕೊಯ್ದರೆ ಹರಳು ಚೆನ್ನಾಗಿ ಸೀಳುತ್ತದೆ, ಅಲ್ಲಿಯವರೆಗೆ ಬಂದೆ. ಅರ್ಧ ಮಿಲಿಮೀಟರಿಗೆ ಉಜ್ಜುವಾಗ ಪ್ರತಿ ಸಲ ಒಡೆಯಿತು. ನೀವು ಮಕ್ಕಳ ಜೊತೆ ಹರಳು ಬೆಳೆಸಿ, ಖುಷಿ ಕೊಡುತ್ತದೆ. ಪ್ಲೇಯರಿಗೆ ಮಾತ್ರ ಅವರು ಹೇಳಿದ ಸೆರಾಮಿಕ್ಕೇ ಹಾಕಿ.

ಹೊಳೆದಂಡೆ ರೇಡಿಯೋ, ಶಿವಮೊಗ್ಗ:

ಮೇಷ್ಟ್ರೇ, ಒದ್ದೆ ದಾರದ ವಿಷಯ ನನಗೆ ಹೊಸದು. ಒಂದು ದಿನ ಬಂದು ನೋಡಬೇಕು.

ತಂಗಿ, ಪಟ್ಟಿ ನಿನ್ನೆ ಸಂಜೆ ಬಸ್ಸಿಗೆ ಕೊಟ್ಟೆ. ಹತ್ತಿಯಲ್ಲಿ ಸುತ್ತಿ ಬೆಂಕಿಪೊಟ್ಟಣದಲ್ಲಿ ಇಟ್ಟಿದ್ದೇನೆ. ಈಗ ಕೆಲಸ ಹೇಳುತ್ತೇನೆ, ಎರಡು ಸಲ ಓದಿ ಶುರುಮಾಡಿ.

ಬಿಳಿ ಬಟ್ಟೆ ಹಾಸಿ ಅದರ ಮೇಲೆ ಕೂತು ಬಿಚ್ಚಿ. ಜಾರಿದ್ದು ಕಣ್ಣಿಗೆ ಬೀಳಬೇಕು. ಕಿತ್ತ ಪ್ರತಿ ತುಂಡಿನ ಫೋಟೋ ತೆಗೆಯಿರಿ. ಮೈ ಎರಡು ಹೋಳು. ಸಂದಿಗೆ ಬ್ಲೇಡು ಇಟ್ಟು ತಿರುವಬೇಡಿ, ಸುಮ್ನೆ ಒತ್ತಿ ಹಿಡಿಯಿರಿ, ಒಂದು ಕಡೆ ಬಿಟ್ಟುಕೊಳ್ಳುತ್ತದೆ. ಹಳೇ ಪ್ಲಾಸ್ಟಿಕ್ ಚಳಿಯಲ್ಲಿ ಬೇಗ ಒಡೆಯುತ್ತದೆ. ಮಧ್ಯಾಹ್ನ ಮಾಡಿ.

ಒಳಗೆ ಹಿಂದುಗಡೆ ಹರಳನ್ನು ಹಿಡಿದ ರಬ್ಬರ್ ದಿಂಬು, ಮುಂದೆ ಮುಳ್ಳಿಗೂ ಹರಳಿಗೂ ನಡುವೆ ನೊಗದ ಹಾಗಿರುವ ಒಂದು ರಬ್ಬರ್ ತುಂಡು. ಎಲ್ಲ ಗುಟ್ಟು ಇರುವುದು ಆ ನೊಗದಲ್ಲಿ. ಅದು ಗಟ್ಟಿ ಇದ್ದರೆ ಸದ್ದು ಜಾಸ್ತಿ ಬರುತ್ತದೆ, ಪ್ಲೇಟು ಸವೆಯುತ್ತದೆ. ಮೆತ್ತಗಿದ್ದರೆ ಪ್ಲೇಟಿಗೆ ಒಳ್ಳೆಯದು, ಅಲುಗಾಟ ಹರಳಿಗೆ ತಲುಪುವುದೇ ಇಲ್ಲ. ಹಳೇದು ಡಾಂಬರಿನ ಹಾಗೆ ಕರಗಿದ್ದರೆ ಅಥವಾ ಕಲ್ಲಾಗಿದ್ದರೆ ಬದಲಿಸಬೇಕು. ನಾನು ಮೊದಲು ಸೈಕಲ್ ವಾಲ್ ಟ್ಯೂಬ್ ಸೀಳಿ ಹಾಕುತ್ತಿದ್ದೆ. ಅಳತೆಗೆ ಸರಿಯಾಗಿ ಕೂರುತ್ತದೆ. ಮೂರು ನಾಲ್ಕು ವರ್ಷಕ್ಕೆ ಒಣಗುತ್ತದೆ, ಅಷ್ಟೇ. ಈಗ ತೆಳು ಸಿಲಿಕೋನ್ ಟ್ಯೂಬ್ ಹಾಕುತ್ತೇನೆ. ಬೆಂಕಿಪೊಟ್ಟಣದಲ್ಲಿ ಅದರ ಒಂದು ಗೇಣುದ್ದ ತುಂಡೂ ಇದೆ.

ಸತ್ತ ಹರಳನ್ನು ಕೆರೆದು ತೆಗೆಯುವಾಗ ಪಿನ್ನಿನಿಂದ ಬಂದ ತಗಡಿನ ಎಳೆಗಳನ್ನು ಕೀಳಬೇಡಿ. ಅವಕ್ಕೇ ಹೊಸ ಪಟ್ಟಿ ಜೋಡಿಸುವುದು. ಜೋಡಿಸಲು ಸೋಲ್ಡರಿಂಗ್ ಬೇಡ. ಕಾರಿನ ಹಿಂದಿನ ಗಾಜಿನ ಗೆರೆ ಸರಿಮಾಡುವ ಸಿಲ್ವರ್ ಪೇಂಟ್ ಬರುತ್ತದೆ, ಕರೆಂಟ್ ಹರಿಯುವಂಥದ್ದು. ಚಿತ್ತಾರದ ಪುಂಡಿನಾರಿನ ಕುಂಚ ನಿಮ್ಮ ಹತ್ತಿರ ಇರುತ್ತದಲ್ಲ, ಅದರಲ್ಲಿ ಒಂದೊಂದು ಚುಕ್ಕೆ ಇಡಿ. ಎರಡು ಮೈಯ ಚುಕ್ಕೆ ಒಂದಕ್ಕೊಂದು ತಾಗಬಾರದು.

ಸೋಲ್ಡರಿಂಗ್ ಬೇಡ ಅನ್ನುವುದಕ್ಕೆ ಒಂದು ಹಿನ್ನೆಲೆ ಇದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹೆಂಗಸು ತಂತಿ ಬಿಟ್ಟಿದೆ ಅಂತ ಪ್ಲೇಯರ್ ತಂದಿದ್ದರು. ಕಾರ್ಟ್ರಿಜ್ ಚೆನ್ನಾಗೇ ಇತ್ತು. ನಾನು ಪಿನ್ನಿನ ಮೇಲೆ ನೇರ ಕಾವು ಇಟ್ಟೆ. ಎರಡು ಸೆಕೆಂಡು. ಆ ಕಾವು ಪಿನ್ನಿನ ಮೂಲಕ ಹರಳಿಗೆ ಹೋಯಿತು. ಹಾಕಿ ನೋಡಿದರೆ ಮೌನ. ಅವರು ಏನೂ ಅನ್ನಲಿಲ್ಲ. ಪೆಟ್ಟಿಗೆ ಎತ್ತಿಕೊಂಡು ಹೋದರು. ಆ ಮುಖ ಇವತ್ತಿಗೂ ಮರೆತಿಲ್ಲ. ಅಂದಿನಿಂದ ಯಾವ ಕಾರ್ಟ್ರಿಜ್ ಪಿನ್ನಿಗೂ ನಾನು ಕಾವು ತೋರಿಸಿಲ್ಲ, ಸೆರಾಮಿಕ್ ತಡೆಯುತ್ತದೆ ಅಂತ ಗೊತ್ತಿದ್ದರೂ. ಸಣ್ಣ ಕ್ಲಿಪ್ಪಿಗೆ ತಂತಿ ಬೆಸೆದು, ತಣ್ಣಗಾದ ಮೇಲೆ ಕ್ಲಿಪ್ಪನ್ನು ಪಿನ್ನಿಗೆ ತೂರಿಸಿ.

ಸೆರಾಮಿಕ್ ಸದ್ದು ಹರಳಿಗಿಂತ ಕಡಿಮೆ. ವಾಲ್ಯೂಮ್ ಮುಕ್ಕಾಲು ತಿರುಗಿಸಬೇಕಾಗುತ್ತದೆ. ತಬಲಾ ತೆಳ್ಳಗೆ ಕೇಳಿದರೆ ವಾಲ್ಯೂಮ್ ಕಂಟ್ರೋಲ್ ಎಷ್ಟು ಓಮಿನದು ನೋಡಿ. ಅರ್ಧ ಮೆಗ್ (ಮೆಗಾಓಮ್) ಇದ್ದರೆ ಎರಡು ಮೆಗ್ಗಿನದು ಹಾಕಿ. ಪಟ್ಟಿ ಸಣ್ಣದು, ಅದಕ್ಕೆ ಹೊರೆ ಹಗುರ ಇರಬೇಕು. ಹೊರೆ ಭಾರ ಆದರೆ ಮಂದ್ರವೇ ಮೊದಲು ಹೋಗುವುದು. ಮತ್ತೆ, ವಾಲ್ವಿನ ಎರಡು ಭಾಗದ ನಡುವಿನ ಹಳೇ ಮೇಣದ ಕಂಡೆನ್ಸರ್ ಒಂದಿರುತ್ತದೆ. ಅದನ್ನು ಈಗಲೇ ಬದಲಿಸಿ. ಅದು ಸೋರಿದರೆ ವಾಲ್ವ್ ಸುಟ್ಟುಹೋಗುತ್ತದೆ.

ಟ್ರಂಕಿನಲ್ಲಿ ಸ್ಟೀರಿಯೋ ಅಂತ ಬರೆದ ಪ್ಲೇಟು ಇದ್ದರೆ ಇದರಲ್ಲಿ ಹಾಕಬೇಡಿ. ಸ್ಟೀರಿಯೋ ಗೆರೆಯಲ್ಲಿ ಮುಳ್ಳು ಮೇಲೆ ಕೆಳಗೂ ಆಡಬೇಕು. ಜಿಪಿ67 ಅಕ್ಕಪಕ್ಕ ಮಾತ್ರ ಆಡುತ್ತದೆ. ಗೆರೆ ಕೆತ್ತಿಹಾಕುತ್ತದೆ. 78ಕ್ಕೆ ಏನೂ ತೊಂದರೆ ಇಲ್ಲ, ಅವು ಎಲ್ಲ ಮೋನೋ. ಕಿವಿಯನ್ನು 78ರ ಕಡೆ ತಿರುಗಿಸಿದ್ದೀರಾ ಅಂತ ಮಾತ್ರ ಪ್ರತಿ ಸಲ ನೋಡಿ. ಎಲ್‌ಪಿ ಮುಳ್ಳಿನ ತುದಿ 25 ಮೈಕ್ರಾನ್, 78ರದ್ದು ಅದರ ಎರಡೂವರೆ ಮೂರು ಪಟ್ಟು. ಸಣ್ಣ ಮುಳ್ಳು ದೊಡ್ಡ ಗೆರೆಗೆ ಇಳಿದರೆ ತಳದ ಕಸದಲ್ಲಿ ಓಡುತ್ತದೆ, ಬರೀ ಗರಗರ ಕೇಳುತ್ತದೆ.

ಬಿದನೂರು ಸೀಮೆ:

ಹದಿನಾರು ದಿನ ಆಯಿತು, ಈಗ ಬರೆಯುತ್ತಿದ್ದೇನೆ.

ಟ್ರಾನ್ಸ್‌ಫಾರ್ಮರ್ ಹಾಕಿದೆ. ಟೆಸ್ಟರ್ ಹಚ್ಚಿ ಆರ್ಮ್, ಡೆಕ್, ಸ್ಕ್ರೂ ಎಲ್ಲ ನೋಡಿದೆ, ಎಲ್ಲೂ ಉರಿಯಲಿಲ್ಲ. ಮೊದಲು ಟ್ರಾನ್ಸ್‌ಫಾರ್ಮರ್ ಇಲ್ಲದೆ ಎಲೆಕ್ಟ್ರಿಷಿಯನ್ ಕೈಯಲ್ಲಿ ನೋಡಿಸಿದಾಗ ಆರ್ಮಿನ ಸ್ಕ್ರೂನಲ್ಲೇ ಟೆಸ್ಟರ್ ಉರಿದಿತ್ತು ಅಣ್ಣ. ನೀವು ಹೇಳದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಕಾರ್ಟ್ರಿಜ್ ಬಿಚ್ಚಿದಾಗ ಹರಳು ಇರಲೇ ಇಲ್ಲ ಅನ್ನಬೇಕು. ಒಂದು ಮೂಲೆಯಲ್ಲಿ ಬಿಳಿ ಪುಡಿ, ಇನ್ನೊಂದು ಕಡೆ ಕಲ್ಲುಸಕ್ಕರೆ ಕರಗಿ ಅಂಟಿದ ಹಾಗೆ. ನಡುವೆ ತಗಡಿನ ಎಳೆ ಹಸಿರು ಹಿಡಿದಿತ್ತು. ಒಂದು ಎಳೆ ಮುಟ್ಟಿದ ಕೂಡಲೇ ಮುರಿಯಿತು. ಕೈಕಾಲು ತಣ್ಣಗಾಯಿತು. ಆಮೇಲೆ ಪಿನ್ನಿನ ಬುಡದಿಂದಲೇ ಸಿಲ್ವರ್ ಪೇಂಟಿನಲ್ಲಿ ಗೆರೆ ಎಳೆದುಕೊಂಡು ಬಂದೆ. ಚಿತ್ತಾರದ ಎಳೆ ಎಳೆಯುವಾಗ ಉಸಿರು ಬಿಗಿಹಿಡಿಯುತ್ತೇವಲ್ಲ, ಹಾಗೆ. ಒಂದು ರಾತ್ರಿ ಒಣಗಲು ಬಿಟ್ಟೆ.

ಮೊದಲ ಸಲ ಹಾಕಿದಾಗ ಸದ್ದು ಬಂತು, ಆದರೆ ಒಡಕು. ನೀವು ಹೇಳಿದ ಜೀರುಂಡೆಯೇ. ನೊಗ ಬಿಗಿಯಾಗಿತ್ತು. ಸಿಲಿಕೋನ್ ತುಂಡನ್ನು ಅರ್ಧಕ್ಕೆ ತೆಳು ಮಾಡಿ ಮತ್ತೆ ಕೂರಿಸಿದೆ. ಮೂರನೇ ಸಲಕ್ಕೆ ಸರಿಹೋಯಿತು. ಗೆಳತಿಯೊಬ್ಬಳ ಒಳ್ಳೇ ಮೀಟರಿನಲ್ಲಿ ನೋಡಿದರೆ 120 ಮಿಲಿವೋಲ್ಟ್ ಆಸುಪಾಸು ಏರಿಳಿಯುತ್ತದೆ. ಹಳೇ ಹರಳು ಇದ್ದಾಗ ಅದೇ ಮೀಟರ್ ನಾಲ್ಕು ತೋರಿಸಿತ್ತು. ವಾಲ್ಯೂಮ್ ಕಂಟ್ರೋಲ್ ಅರ್ಧ ಮೆಗ್ಗೇ ಇತ್ತು. ಎರಡು ಮೆಗ್ಗಿನದು ಹಾಕಿದ ಮೇಲೆ ತಬಲಾ ಬಂತು. ಕಂಡೆನ್ಸರ್ ಬದಲಿಸಿದೆ.

ಅಪ್ಪಯ್ಯನಿಗೆ ಮುಂಚೆ ಹೇಳಿರಲಿಲ್ಲ. ಸಂಜೆ ತೋಟದಿಂದ ಬಂದು ಕಾಲು ತೊಳೆಯುತ್ತಿದ್ದರು. ಜಗಲಿಯಲ್ಲಿ ಕಾಳಿಂಗರಾಯರ ಪ್ಲೇಟು ಹಾಕಿದೆ. ತಂಬಿಗೆ ಹಿಡಿದುಕೊಂಡೇ ನಿಂತರು. ಪ್ಲೇಟು ಮುಗಿಯುವವರೆಗೆ ನಿಂತೇ ಇದ್ದರು. ಆಮೇಲೆ "ಇನ್ನೊಂದು ಮಗ್ಗುಲು ಹಾಕು" ಅಂದರು. ಆ ಮಗ್ಗುಲಿನಲ್ಲಿ ಗೀರು ಜಾಸ್ತಿ ಇದೆ. ಗೀರು ಬಂದ ಕಡೆ "ಇದು ನಾನು ಬೀಳಿಸಿದ್ದು, ದೊಡ್ಡಪ್ಪ ಹೊಡೆದಿದ್ದರು" ಅಂದರು. ಆ ಕಥೆ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಈಗ ದಿನಾ ಎರಡು ಪ್ಲೇಟು. ಒಂದೇ ತೊಂದರೆ, ಡೆಕ್ ತಿರುಗುವಾಗ ಕೆಳಗಿನಿಂದ ಲಯವಾಗಿ ಧಬ್ ಧಬ್ ಅಂತ ಸದ್ದು. ಹಾಡು ಸಣ್ಣಗಾದಾಗ ಕೇಳುತ್ತದೆ. ಮತ್ತೆ, ಈ ಮಳೆಗಾಲ ಕಾರ್ಟ್ರಿಜ್ ಬಿಚ್ಚಿ ಇಡಬೇಕಾ?

ಹೊಳೆದಂಡೆ ರೇಡಿಯೋ, ಶಿವಮೊಗ್ಗ:

ಮುರಿದ ಎಳೆಗೆ ಬದಲು ಪೇಂಟಿನ ಗೆರೆ ಎಳೆದಿರಲ್ಲ, ಆ ಉಪಾಯ ನನಗೆ ಹೊಳೆದಿರಲಿಲ್ಲ ತಂಗಿ. ಮುಂದಿನ ಕಾರ್ಟ್ರಿಜ್‌ಗೆ ನಾನೂ ಹಾಗೇ ಮಾಡುತ್ತೇನೆ.

ಕಾರ್ಟ್ರಿಜ್ ಬಿಚ್ಚಿಡುವುದು ಬೇಡ. ಸೆರಾಮಿಕ್ಕಿಗೆ ಮಳೆ ಏನೂ ಮಾಡುವುದಿಲ್ಲ. ಹಿತ್ತಾಳೆ ಕ್ಲಿಪ್ಪುಗಳು ಮಾತ್ರ ಹಸಿರು ಹಿಡಿಯುತ್ತವೆ, ಗೌರಿಹಬ್ಬದ ಹೊತ್ತಿಗೆ ಒಂದು ಸಲ ತೆಗೆದು ಒರೆಸಿ ಹಾಕಿ. ಪ್ಲೇಟುಗಳನ್ನು ನಿಲ್ಲಿಸಿ ಇಡಿ, ಬೂಷ್ಟು ಬಂದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಒಣಗಿಸಿ. 78ರ ಪ್ಲೇಟಿಗೆ ಸ್ಪಿರಿಟ್ ಮುಟ್ಟಿಸಬೇಡಿ, ಅದು ಅರಗು, ಕರಗುತ್ತದೆ.

ಧಬ್ ಧಬ್ ಅನ್ನುವುದು ಮೋಟಾರಿಗೂ ತಟ್ಟೆಗೂ ನಡುವೆ ಇರುವ ರಬ್ಬರ್ ಗಾಲಿ. ಅಟ್ಟದಲ್ಲಿ ಇಷ್ಟು ವರ್ಷ ಒಂದೇ ಕಡೆ ಒತ್ತಿಕೊಂಡು ಕೂತು ಅಲ್ಲಿ ತಗ್ಗು ಬಿದ್ದಿದೆ. ತಟ್ಟೆ ಎತ್ತಿ ಅದರ ಫೋಟೋ ಹಾಕಿ, ನಡುವಿನ ತೂತಿನ ಅಳತೆ ಸಮೇತ.